ವಿಮಾನದ ನ್ಯಾವಿಗೇಶನ್ ರೇಡಿಯೋ: ತಾನಾಗಿ ಟ್ಯೂನ್ ಆದ ಮೇಲೂ ನೀವು ಮಾಡಲೇಬೇಕಾದ ಕೆಲಸ

"ಏರ್‌ಬಸ್‌ನಲ್ಲಿ ರೇಡಿಯೋ ತಾನಾಗಿಯೇ ಟ್ಯೂನ್ ಆಗುತ್ತಲ್ಲ, ಮತ್ತೆ ಕೈಯಿಂದ ಮಾಡೋದನ್ನ ಯಾಕೆ ಕಲಿಯಬೇಕು?" ಡೊಂಬಿವಿಲಿ, ಪಿಂಪ್ರಿ, ವಾಸ್ಕೋ ಕಡೆ ಇದ್ದುಕೊಂಡು ಪೈಲಟ್ ಪರೀಕ್ಷೆಗೆ ಓದುತ್ತಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆ ಇದು. ಮನೆಯ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟರ್ ಹಾರಿಸುವವರದ್ದು ಇದರ ಉಲ್ಟಾ ಪ್ರಶ್ನೆ: "737ರಲ್ಲಿ ಮುಂಬೈ ರನ್‌ವೇ ಹಾಕಿದ್ದೇನೆ, ಆದರೂ ಇಳಿಯುವ ದಾರಿ ತೋರಿಸುವ ಐಎಲ್‌ಎಸ್ ಬರ್ತಾ ಇಲ್ಲ, ಯಾಕೆ?"

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ನೆಲದ ಕೇಂದ್ರಗಳಿಂದ ದಾರಿ ತಿಳಿದುಕೊಳ್ಳುವ ಈ ರೇಡಿಯೋಗೆ ಫ್ರೀಕ್ವೆನ್ಸಿ ಕೊಡುವ ಕೆಲಸವನ್ನು ಕಂಪ್ಯೂಟರ್ ಮಾಡಬಹುದು, ನೀವೂ ಮಾಡಬಹುದು. ಯಾರು ಯಾವಾಗ ಮಾಡುತ್ತಾರೆ ಅನ್ನುವುದು ಒಂದೊಂದು ವಿಮಾನದಲ್ಲಿ ಒಂದೊಂದು ಥರ. ಆದರೆ ಟ್ಯೂನ್ ಆಗಿರುವುದು ನಮಗೆ ಬೇಕಾದ ಕೇಂದ್ರವೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳುವ ಕೆಲಸ ಯಾವ ವಿಮಾನದಲ್ಲೂ ಪೈಲಟ್‌ನ ಕೈಬಿಟ್ಟು ಹೋಗಿಲ್ಲ. ಈ ಲೇಖನದಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲೇ ಒಂದು ಮಾತು. ಇದು ಓದಿಗೆ ಮತ್ತು ಸಿಮ್ಯುಲೇಟರ್ ಅಭ್ಯಾಸಕ್ಕೆ ಬರೆದದ್ದು. ನಿಜವಾದ ವಿಮಾನದಲ್ಲಿ ನಿಮ್ಮ ಕಂಪನಿಯ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಶುರು ಮಾಡುವ ಮೊದಲು ಏನೇನು ಬೇಕು

ಚಾರ್ಟ್ ಬೇಕು. ಭಾರತದ ವಿಮಾನ ನಿಲ್ದಾಣಗಳ ಚಾರ್ಟ್‌ಗಳು ಏರ್‌ಪೋರ್ಟ್ಸ್ ಅಥಾರಿಟಿ ಪ್ರಕಟಿಸುವ ಎಐಪಿ ಅನ್ನುವ ದಾಖಲೆಯಲ್ಲಿ ಸಿಗುತ್ತವೆ, ಇಂಟರ್‌ನೆಟ್‌ನಲ್ಲಿ ಉಚಿತವಾಗಿ ನೋಡಬಹುದು. ಫ್ರೀಕ್ವೆನ್ಸಿಗಳನ್ನು ಯಾವಾಗಲೂ ಅಲ್ಲಿಂದಲೇ ತೆಗೆದುಕೊಳ್ಳಿ. ಸ್ನೇಹಿತರು ಕಳಿಸಿದ ಹಳೇ ಸ್ಕ್ರೀನ್‌ಶಾಟ್ ಬೇಡ. ನಾನು ಇಲ್ಲಿ ಯಾವ ರನ್‌ವೇಯ ಫ್ರೀಕ್ವೆನ್ಸಿಯನ್ನೂ ಬರೆಯದೇ ಇರುವುದಕ್ಕೆ ಕಾರಣ ಅದೇ.

ಹೆಡ್‌ಫೋನ್ ಬೇಕು. ಯಾಕೆ ಅಂತ ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಇನ್ನು ನಾಲ್ಕು ಹೆಸರುಗಳ ಪರಿಚಯ ಬೇಕು:

ವಿಒಆರ್ ಅಂದರೆ ನೆಲದ ಮೇಲಿರುವ ಒಂದು ರೇಡಿಯೋ ಕೇಂದ್ರ. ನೀವು ಅದರಿಂದ ಯಾವ ದಿಕ್ಕಿನಲ್ಲಿ ಇದ್ದೀರಿ ಅಂತ ಅದು ಹೇಳುತ್ತದೆ. ಆ ದಿಕ್ಕಿನ ಗೆರೆಗೆ ರೇಡಿಯಲ್ ಅನ್ನುತ್ತಾರೆ. 108ರಿಂದ 117.95 ಮೆಗಾಹರ್ಟ್ಸ್‌ವರೆಗೆ ಇದರ ಜಾಗ. ಮುಂಬೈನಲ್ಲಿ ಎಫ್‌ಎಂ ರೇಡಿಯೋ ಕೇಳುತ್ತೀರಲ್ಲ, ಅದರ ಡಯಲ್ 108ಕ್ಕೆ ಮುಗಿಯುತ್ತದೆ. ಅದು ಮುಗಿದ ಕಡೆಯಿಂದಲೇ ವಿಮಾನದ ನ್ಯಾವಿಗೇಶನ್ ಪಟ್ಟಿ ಶುರು. ಎಫ್‌ಎಂ ಕೇಂದ್ರಗಳ ಬಲವಾದ ಸಿಗ್ನಲ್ ಪಕ್ಕದಲ್ಲೇ ಇರುವುದರಿಂದ, ಅದನ್ನು ತಡೆದುಕೊಳ್ಳುವ ಹಾಗೆ ವಿಮಾನದ ರಿಸೀವರ್ ಕಟ್ಟಬೇಕು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ.

ಡಿಎಂಇ ದೂರ ಹೇಳುವ ಸಾಧನ. ವಿಮಾನ ಪ್ರಶ್ನೆ ಕಳಿಸುತ್ತದೆ, ನೆಲದ ಕೇಂದ್ರ ಉತ್ತರ ಕೊಡುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ದೂರದ ಲೆಕ್ಕ. ಇದು 960ರಿಂದ 1215 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ, ಆದರೆ ಆ ಸಂಖ್ಯೆಯನ್ನು ನೀವು ಯಾವತ್ತೂ ಒತ್ತಬೇಕಿಲ್ಲ. ವಿಒಆರ್ ಅಥವಾ ಐಎಲ್‌ಎಸ್ ಫ್ರೀಕ್ವೆನ್ಸಿ ಹಾಕಿದರೆ ಅದರ ಜೋಡಿ ಡಿಎಂಇ ಚಾನೆಲ್ ಹಿಂದೆಯೇ ಬರುತ್ತದೆ.

ಐಎಲ್‌ಎಸ್ ಇಳಿಯುವಾಗ ದಾರಿ ತೋರಿಸುವ ವ್ಯವಸ್ಥೆ. ಎಡ ಬಲ ಹೇಳುವ ಭಾಗ ಲೋಕಲೈಸರ್. ಎತ್ತರ ತಗ್ಗು ಹೇಳುವ ಭಾಗ ಗ್ಲೈಡ್‌ಸ್ಲೋಪ್. ನೀವು ಟ್ಯೂನ್ ಮಾಡುವುದು ಲೋಕಲೈಸರ್ ಮಾತ್ರ. ಗ್ಲೈಡ್‌ಸ್ಲೋಪ್ 329ರಿಂದ 335 ಮೆಗಾಹರ್ಟ್ಸ್‌ನಲ್ಲಿ ಎಲ್ಲೋ ಇರುತ್ತದೆ, ಅದೂ ಜೋಡಿಯಾಗಿ ತಾನೇ ಬರುತ್ತದೆ.

ಎಫ್‌ಎಂಎಸ್ ಅಂದರೆ ಹಾರಾಟದ ದಾರಿಯನ್ನು ನೋಡಿಕೊಳ್ಳುವ ಕಂಪ್ಯೂಟರ್. ಅದರೊಳಗೆ ಕೇಂದ್ರಗಳ ಹೆಸರು, ಜಾಗ, ಫ್ರೀಕ್ವೆನ್ಸಿ ಎಲ್ಲ ಇರುವ ಡೇಟಾಬೇಸ್ ಇರುತ್ತದೆ. ತಾನಾಗಿ ಟ್ಯೂನ್ ಆಗುವುದು ಅಂದರೆ ಈ ಕಂಪ್ಯೂಟರ್ ಆ ಡೇಟಾಬೇಸ್ ನೋಡಿ ರೇಡಿಯೋಗೆ ಫ್ರೀಕ್ವೆನ್ಸಿ ಹೇಳುವುದು. ಇದರಲ್ಲಿ ಮ್ಯಾಜಿಕ್ ಏನೂ ಇಲ್ಲ.

ಪರೀಕ್ಷೆಗೆ ಓದುವವರಿಗೆ ಒಂದು ಸುಲಭದ ಗುರುತು. 108 ಮತ್ತು 112ರ ನಡುವೆ ಚುಕ್ಕೆಯ ನಂತರದ ಮೊದಲ ಅಂಕಿ ಬೆಸ ಆಗಿದ್ದರೆ ಅದು ಐಎಲ್‌ಎಸ್, ಸಮ ಆಗಿದ್ದರೆ ವಿಒಆರ್. 110.30 ಲೋಕಲೈಸರ್, 110.20 ವಿಒಆರ್. 112ರಿಂದ ಮೇಲೆ ಎಲ್ಲವೂ ವಿಒಆರ್. ತಪ್ಪು ಅಂಕಿ ಒತ್ತಿದಾಗ ಇದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ.

ಹಂತ 1: ನಿಮ್ಮ ವಿಮಾನದಲ್ಲಿ ಯಾರು ಟ್ಯೂನ್ ಮಾಡುತ್ತಾರೆ ಅಂತ ತಿಳಿದುಕೊಳ್ಳಿ

ಬೋಯಿಂಗ್ 737ರಲ್ಲಿ ಇಬ್ಬರು ಪೈಲಟ್‌ಗಳ ಮಧ್ಯೆ ಇರುವ ಪೆಡೆಸ್ಟಲ್ ಮೇಲೆ ಎರಡು ನ್ಯಾವ್ ಪ್ಯಾನೆಲ್ ಇರುತ್ತವೆ. ಒಂದೊಂದರಲ್ಲೂ ಎರಡು ಕಿಟಕಿ: ಒಂದು ಈಗ ಬಳಕೆಯಲ್ಲಿರುವ ಫ್ರೀಕ್ವೆನ್ಸಿ, ಇನ್ನೊಂದು ಕಾಯುತ್ತಿರುವ ಫ್ರೀಕ್ವೆನ್ಸಿ. ಗುಂಡಿ ತಿರುಗಿಸಿ ಕಾಯುವ ಕಿಟಕಿಯಲ್ಲಿ ಸಂಖ್ಯೆ ಇಟ್ಟು, ಮಧ್ಯದ ಸ್ವಿಚ್ ಒತ್ತಿದರೆ ಎರಡೂ ಅದಲುಬದಲು ಆಗುತ್ತವೆ. ಇಲ್ಲಿ ವಿಒಆರ್, ಐಎಲ್‌ಎಸ್ ಎರಡೂ ಕೈಕೆಲಸ. ಎಫ್‌ಎಂಎಸ್‌ನಲ್ಲಿ ರನ್‌ವೇ ಹಾಕಿದ ಮಾತ್ರಕ್ಕೆ ಐಎಲ್‌ಎಸ್ ಬರುವುದಿಲ್ಲ. ಮೇಲೆ ಕೇಳಿದ ಸಿಮ್ಯುಲೇಟರ್ ಪ್ರಶ್ನೆಗೆ ಉತ್ತರ ಇದೇ. ಆದರೆ ಅದೇ 737ರ ಕಂಪ್ಯೂಟರ್ ತನ್ನ ಜಾಗ ಲೆಕ್ಕ ಹಾಕಲು ಡಿಎಂಇ ಕೇಂದ್ರಗಳನ್ನು ತಾನೇ ಟ್ಯೂನ್ ಮಾಡಿಕೊಳ್ಳುತ್ತದೆ. ಅದು ಹಿನ್ನೆಲೆಯಲ್ಲಿ ನಡೆಯುವ ಕೆಲಸ, ನಿಮ್ಮ ಪ್ಯಾನೆಲ್‌ನಲ್ಲಿ ಕಾಣುವುದಿಲ್ಲ.

ಏರ್‌ಬಸ್ ಎ320ರಲ್ಲಿ ಎಲ್ಲವನ್ನೂ ಕಂಪ್ಯೂಟರ್ ಮಾಡುತ್ತದೆ. ಟೇಕಾಫ್ ಹೊತ್ತಿಗೆ ಹೊರಡುವ ರನ್‌ವೇಗೆ ಐಎಲ್‌ಎಸ್ ಇದ್ದರೆ ಅದನ್ನು ಹಿಡಿದಿರುತ್ತದೆ, ಆಮೇಲೆ ಇಳಿಯುವ ರನ್‌ವೇಯದ್ದಕ್ಕೆ ಬದಲಾಗುತ್ತದೆ. ದಾರಿಯಲ್ಲಿ ಸಿಗುವ ವಿಒಆರ್‌ಗಳನ್ನೂ ಅದೇ ಆರಿಸುತ್ತದೆ. ನೀವು ನಡುವೆ ಕೈ ಹಾಕಬಹುದು, ಹಾಕಿದರೆ ನಿಮ್ಮ ಮಾತಿಗೇ ಬೆಲೆ.

ಬೋಯಿಂಗ್ 777ರಲ್ಲಿಯೂ ಕಂಪ್ಯೂಟರ್ ಟ್ಯೂನ್ ಮಾಡುತ್ತದೆ. ನ್ಯಾವ್ ರೇಡಿಯೋ ಪುಟದಲ್ಲಿ ವಿಒಆರ್ ಫ್ರೀಕ್ವೆನ್ಸಿಯ ಪಕ್ಕ ಒಂದು ಚಿಕ್ಕ ಅಕ್ಷರ ಇರುತ್ತದೆ. ಎ ಅಂದರೆ ತಾನಾಗಿ, ಎಂ ಅಂದರೆ ಕೈಯಿಂದ, ಆರ್ ಅಂದರೆ ಹಾಕಿದ ರೂಟ್‌ಗಾಗಿ, ಪಿ ಅಂದರೆ ಪ್ರೊಸೀಜರ್‌ಗಾಗಿ ಆರಿಸಿದ್ದು. ಯಾರು ಆರಿಸಿದ್ದು ಅಂತ ಹೇಳುವ ಈ ಒಂದು ಅಕ್ಷರ ನನಗೆ ತುಂಬಾ ಇಷ್ಟ. ಸಂಖ್ಯೆ ನೋಡುವ ಮೊದಲು ಆ ಅಕ್ಷರ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಹಂತ 2: ಡೇಟಾಬೇಸ್ ತಾರೀಖು ನೋಡಿ

ಎಫ್‌ಎಂಎಸ್ ಡೇಟಾಬೇಸ್ 28 ದಿನಕ್ಕೊಮ್ಮೆ ಬದಲಾಗುತ್ತದೆ. ಆ ಸರದಿಗೆ ಐರಾಕ್ ಅನ್ನುತ್ತಾರೆ. ವಿಮಾನದಲ್ಲಿ ಇದನ್ನು ಯಾರೂ ಬಿಡುವುದಿಲ್ಲ, ಚೆಕ್‌ಲಿಸ್ಟ್‌ನಲ್ಲೇ ಇರುತ್ತದೆ. ಸಿಮ್ಯುಲೇಟರ್‌ನಲ್ಲಿ ಮಾತ್ರ ಹಳೆಯದೇ ಉಳಿದುಬಿಡುತ್ತದೆ. ನಮ್ಮ ಕಡೆಯಂತೂ ಇತ್ತೀಚೆಗೆ ಬದಲಾವಣೆ ಜಾಸ್ತಿ. ಗೋವಾದ ಮೋಪಾ ನಿಲ್ದಾಣ ಉದ್ಘಾಟನೆ ಆದದ್ದು 2022ರ ಡಿಸೆಂಬರ್‌ನಲ್ಲಿ. ನವಿ ಮುಂಬೈ 2025ರ ಅಕ್ಟೋಬರ್‌ನಲ್ಲಿ. ಅದಕ್ಕಿಂತ ಹಳೇ ಡೇಟಾಬೇಸ್ ಇಟ್ಟುಕೊಂಡು "ರನ್‌ವೇ ಸಿಗ್ತಾ ಇಲ್ಲ" ಅಂದರೆ ರೇಡಿಯೋದ ತಪ್ಪೇನಿಲ್ಲ.

ಹಂತ 3: ಗಮ್ಯ, ರನ್‌ವೇ, ಅಪ್ರೋಚ್ (ಇಳಿಯಲು ಬರುವ ದಾರಿ) ಮೂರನ್ನೂ ಸರಿಯಾಗಿ ಹಾಕಿ

ತಾನಾಗಿ ಟ್ಯೂನ್ ಆಗುವ ವಿಮಾನದಲ್ಲಿ ರೇಡಿಯೋ ಸರಿ ಇರಬೇಕಾದರೆ ಫ್ಲೈಟ್ ಪ್ಲಾನ್ ಸರಿ ಇರಬೇಕು. ಕಂಪ್ಯೂಟರ್ ನಿಮ್ಮ ಮನಸ್ಸು ಓದುವುದಿಲ್ಲ, ನೀವು ಒತ್ತಿದ್ದನ್ನು ಓದುತ್ತದೆ.

ಗೋವಾಗೆ ಹೋಗುವಾಗ ಇಲ್ಲಿ ವಿಶೇಷ ಎಚ್ಚರ ಬೇಕು. ದಾಬೋಲಿಂನ ಸಂಕೇತ ವಿ-ಒ-ಜಿ-ಒ. ಮೋಪಾದ ಸಂಕೇತ ವಿ-ಒ-ಜಿ-ಎ. ಕೊನೆಯ ಒಂದೇ ಅಕ್ಷರ ಬೇರೆ. ಎರಡೂ ಒಂದೇ ಚಿಕ್ಕ ರಾಜ್ಯದಲ್ಲಿವೆ, ಮುಂಬೈಯಿಂದ ಹೊರಡುವಾಗ ಎರಡಕ್ಕೂ ದಾರಿ ಹೆಚ್ಚು ಕಡಿಮೆ ಒಂದೇ ದಿಕ್ಕಿಗೆ. ತಪ್ಪು ಅಕ್ಷರ ಒತ್ತಿದರೆ ಕಂಪ್ಯೂಟರ್ ಯಾವ ತಕರಾರೂ ಮಾಡದೆ ಬೇರೆ ನಿಲ್ದಾಣದ ಐಎಲ್‌ಎಸ್ ತಂದು ಕೂರಿಸುತ್ತದೆ. ಒಬ್ಬರು ಒತ್ತಿ, ಇನ್ನೊಬ್ಬರು ಚಾರ್ಟ್ ಹಿಡಿದು ಜೋರಾಗಿ ಓದಿ ತಾಳೆ ನೋಡಬೇಕು. ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುತ್ತಿದ್ದರೂ ಬಾಯಿಬಿಟ್ಟು ಓದಿ.

ಇದೇ ಹಂತದಲ್ಲಿ ಇನ್ನೊಂದು ಅಪಾಯ ಇದೆ. ಒಂದೇ ಹೆಸರಿನ ಕೇಂದ್ರಗಳು ಜಗತ್ತಿನಲ್ಲಿ ಹಲವು ಇರುತ್ತವೆ. ಹೆಸರು ಒತ್ತಿದಾಗ ಕಂಪ್ಯೂಟರ್ ಒಂದು ಪಟ್ಟಿ ತೋರಿಸಿ "ಇದರಲ್ಲಿ ಯಾವುದು?" ಅಂತ ಕೇಳುತ್ತದೆ. ಮೇಲಿನದ್ದೇ ಇರಬೇಕು ಅಂತ ಸುಮ್ನೆ ಒತ್ತಬೇಡಿ. 1995ರ ಡಿಸೆಂಬರ್ 20ರಂದು ಕೊಲಂಬಿಯಾದ ಕಾಲಿ ನಗರಕ್ಕೆ ಇಳಿಯುತ್ತಿದ್ದ ಅಮೆರಿಕನ್ ಏರ್‌ಲೈನ್ಸ್‌ನ 757ರಲ್ಲಿ ಆದದ್ದು ಇದೇ. ರೋಸೊ ಅನ್ನುವ ಕೇಂದ್ರ ಬೇಕಿತ್ತು, ಚಾರ್ಟ್‌ನಲ್ಲಿ ಅದರ ಗುರುತು ಆರ್. ಪೈಲಟ್‌ಗಳು ಆರ್ ಒತ್ತಿದಾಗ ಬಂದದ್ದು ಬೊಗೋಟಾ ಹತ್ತಿರದ ರೋಮಿಯೋ ಕೇಂದ್ರ. ಎರಡರ ಗುರುತೂ ಒಂದೇ, ಫ್ರೀಕ್ವೆನ್ಸಿಯೂ ಒಂದೇ. ವಿಮಾನ ಎಡಕ್ಕೆ ತಿರುಗಿತು, ಕೊನೆಗೆ ಬೆಟ್ಟಕ್ಕೆ ಬಡಿಯಿತು. 163 ಜನರಲ್ಲಿ 159 ಜನ ತೀರಿಕೊಂಡರು. ಪಟ್ಟಿ ಬಂದಾಗ ಪಕ್ಕದಲ್ಲಿರುವ ದೂರ ಅಥವಾ ಅಕ್ಷಾಂಶ ರೇಖಾಂಶ ನೋಡಿ, ಅದು ನಿಮ್ಮ ಚಾರ್ಟ್‌ನ ಜಾಗವೇ ಅಂತ ಖಾತ್ರಿ ಆದ ಮೇಲೆ ಮಾತ್ರ ಆರಿಸಿ.

ಹಂತ 4: ರೇಡಿಯೋ ಪುಟ ತೆರೆದು ಓದಿ

ಎ320ರಲ್ಲಿ ಎಂಸಿಡಿಯು ಅನ್ನುವ ಕೀಬೋರ್ಡ್ ಸ್ಕ್ರೀನ್‌ನಲ್ಲಿ ರಾಡ್ ನ್ಯಾವ್ ಬಟನ್ ಒತ್ತಿ. ಮೇಲೆ ಎಡಕ್ಕೆ ವಿಒಆರ್ 1, ಬಲಕ್ಕೆ ವಿಒಆರ್ 2, ಕೆಳಗೆ ಐಎಲ್‌ಎಸ್, ಅದರ ಕೆಳಗೆ ಕೋರ್ಸ್. ಅಕ್ಷರದ ಗಾತ್ರ ನೋಡಿ. ಚಿಕ್ಕದಾಗಿ ಬರೆದದ್ದು ಕಂಪ್ಯೂಟರ್ ಆರಿಸಿದ್ದು, ದೊಡ್ಡದಾಗಿ ಬರೆದದ್ದು ಮನುಷ್ಯ ಹಾಕಿದ್ದು. ಹಿಂದಿನ ಹಾರಾಟದಲ್ಲಿ ಯಾರೋ ಹಾಕಿದ್ದು ದೊಡ್ಡ ಅಕ್ಷರದಲ್ಲಿ ಹಾಗೇ ಕೂತಿದ್ದರೆ ಇಲ್ಲೇ ಗೊತ್ತಾಗಬೇಕು.

ಆಮೇಲೆ ಮುಂದಿನ ಸ್ಕ್ರೀನ್ ನೋಡಿ. ಎಲ್‌ಎಸ್ ಬಟನ್ ಒತ್ತಿದರೆ ಮುಖ್ಯ ಸ್ಕ್ರೀನಿನ ಎಡ ಕೆಳಮೂಲೆಯಲ್ಲಿ ಐಎಲ್‌ಎಸ್ ಗುರುತು, ಫ್ರೀಕ್ವೆನ್ಸಿ, ಡಿಎಂಇ ಇದ್ದರೆ ದೂರ ಬರುತ್ತದೆ. ನಕ್ಷೆ ತೋರಿಸುವ ಸ್ಕ್ರೀನಿನಲ್ಲಿ ವಿಒಆರ್ ಹೆಸರಿನ ಪಕ್ಕ ಎಂ ಇದ್ದರೆ ಎಂಸಿಡಿಯುನಿಂದ ಕೈಯಾರೆ ಹಾಕಿದ್ದು, ಆರ್ ಇದ್ದರೆ ರೇಡಿಯೋ ಪ್ಯಾನೆಲ್‌ನಿಂದ ಹಾಕಿದ್ದು.

ಹಂತ 5: ಗುರುತು ಕೇಳಿ

ಜಾಸ್ತಿ ಜನ ಬಿಟ್ಟುಬಿಡುವ ಹಂತ ಇದು. ಫೋನ್‌ನಲ್ಲಿ ನಂಬರ್ ಒತ್ತಿದ ತಕ್ಷಣ ಆ ಕಡೆ ಎತ್ತಿಕೊಂಡವರು ಯಾರು ಅಂತ ಗೊತ್ತಾಗುವುದಿಲ್ಲ, ಹಲೋ ಅಂದಾಗ ದನಿ ಕೇಳಿ ಗುರುತಿಸುತ್ತೇವೆ ಅಲ್ವಾ? ಫ್ರೀಕ್ವೆನ್ಸಿ ಬರೀ ನಂಬರ್. ಐಡೆಂಟ್, ಅಂದರೆ ಕೇಂದ್ರ ಕಳಿಸುವ ಮೋರ್ಸ್ ಸಂಕೇತ, ಅದರ ದನಿ.

ಹೊಸ ವಿಮಾನಗಳಲ್ಲಿ ರಿಸೀವರ್ ಆ ಮೋರ್ಸ್ ಓದಿ ಅಕ್ಷರದಲ್ಲಿ ತೋರಿಸುತ್ತದೆ. ಫ್ರೀಕ್ವೆನ್ಸಿ ಬರುವ ಜಾಗದಲ್ಲಿ ಹೆಸರು ಬಂದರೆ ಒಳ್ಳೆಯದು. ಬರೀ ಸಂಖ್ಯೆಯೇ ನಿಂತಿದ್ದರೆ ಕಿವಿಯಿಂದ ಕೇಳಲೇಬೇಕು. ಇನ್ನೊಂದು ಸೂಕ್ಷ್ಮ ಇದೆ. ರಾಡ್ ನ್ಯಾವ್ ಪುಟದಲ್ಲಿ ಕಾಣುವ ಹೆಸರು ಡೇಟಾಬೇಸ್‌ನಿಂದ ಬಂದದ್ದು. "ನಾನು ಇದನ್ನು ಕೇಳಿದ್ದೇನೆ" ಅಂತ ಕಂಪ್ಯೂಟರ್ ಹೇಳುತ್ತಿದೆ ಅಷ್ಟೇ. "ಇದು ಸಿಕ್ಕಿದೆ" ಅನ್ನುವುದಕ್ಕೆ ಆ ಪುಟ ಸಾಕ್ಷಿಯಲ್ಲ.

ಮುಂಬೈ ವಿಒಆರ್ ತೆಗೆದುಕೊಳ್ಳಿ. ಅದರ ಗುರುತು ಬಿ-ಬಿ-ಬಿ. ಮೋರ್ಸ್‌ನಲ್ಲಿ ಬಿ ಅಂದರೆ ಒಂದು ಗೆರೆ, ಮೂರು ಚುಕ್ಕೆ. ಹೆಡ್‌ಫೋನ್‌ನಲ್ಲಿ "ಡಾ-ಡಿ-ಡಿ-ಡಿಟ್, ಡಾ-ಡಿ-ಡಿ-ಡಿಟ್, ಡಾ-ಡಿ-ಡಿ-ಡಿಟ್" ಅಂತ ನಿಧಾನಕ್ಕೆ ಕೇಳುತ್ತದೆ. ಸ್ವಲ್ಪ ಬಿಟ್ಟು ಮತ್ತೆ ಅದೇ. ಮೋರ್ಸ್ ಕಲಿಯಲು ಇದಕ್ಕಿಂತ ಸುಲಭದ ಕೇಂದ್ರ ಸಿಗುವುದು ಕಷ್ಟ. ಐಎಲ್‌ಎಸ್ ಗುರುತುಗಳು ಸಾಮಾನ್ಯವಾಗಿ ಐ ಅಕ್ಷರದಿಂದ ಶುರುವಾಗುತ್ತವೆ. ಐ ಅಂದರೆ ಎರಡು ಚುಕ್ಕೆ. "ಡಿ-ಡಿಟ್" ಕೇಳಿದ ಕೂಡಲೇ ಇದು ಇಳಿಯುವ ಕೇಂದ್ರ ಅಂತ ಕಿವಿಗೆ ಗೊತ್ತಾಗಬೇಕು. ಚಾರ್ಟ್‌ಗಳ ಮೇಲೆ ಮೋರ್ಸ್ ಚುಕ್ಕೆ ಗೆರೆ ಹೆಸರಿನ ಪಕ್ಕದಲ್ಲೇ ಬರೆದಿರುತ್ತಾರೆ, ಬೆರಳಿಟ್ಟು ಕೇಳಿ.

ಕೇಂದ್ರಕ್ಕೆ ಡಿಎಂಇ ಇದ್ದರೆ ನಡುವೆ ಒಮ್ಮೊಮ್ಮೆ ಅದೇ ಗುರುತು ಸ್ವಲ್ಪ ತೆಳ್ಳಗಿನ ದನಿಯಲ್ಲಿ ಬರುತ್ತದೆ. ವಿಒಆರ್ ಗುರುತಿನ ದನಿ 1020 ಹರ್ಟ್ಸ್, ಡಿಎಂಇಯದ್ದು 1350. ವಿಒಆರ್ ಮೂರ್ನಾಲ್ಕು ಸಲ ಹೇಳಿದ ಮೇಲೆ ಡಿಎಂಇ ಒಂದು ಸಲ ಹೇಳುತ್ತದೆ. ದಪ್ಪ ದನಿ ಇಲ್ಲದೆ ಬರೀ ತೆಳ್ಳಗಿನ ದನಿ ಅಪರೂಪಕ್ಕೊಮ್ಮೆ ಬರುತ್ತಿದ್ದರೆ ದೂರ ಸಿಗುತ್ತಿದೆ, ಆದರೆ ದಿಕ್ಕು ನಂಬುವ ಹಾಗಿಲ್ಲ ಅಂತ ಅರ್ಥ. ಇದನ್ನು ಒಮ್ಮೆ ಕಿವಿಯಾರೆ ಕೇಳಿದವರು ಮರೆಯುವುದಿಲ್ಲ.

ಏನೂ ಕೇಳದಿದ್ದರೆ, ಅಥವಾ ಟೆಸ್ಟ್ ಅಂತ ಮೋರ್ಸ್ ಬಂದರೆ, ಆ ಕೇಂದ್ರ ರಿಪೇರಿಯಲ್ಲಿರಬಹುದು. ದಿಕ್ಕು ತೋರಿಸುವ ಸೂಜಿ ಎಷ್ಟೇ ಚೆನ್ನಾಗಿ ನಿಂತಿರಲಿ, ಅದನ್ನು ಬಳಸಬಾರದು.

"ಟ್ಯೂನ್ ಸರಿ ಇದೆ, ಆದರೂ ಐಡೆಂಟ್ ಕೇಳಿಸ್ತಿಲ್ಲ" ಅನ್ನುವವರು ಆಡಿಯೋ ಪ್ಯಾನೆಲ್ ನೋಡಿ. ಎ320ರಲ್ಲಿ ಆಯಾ ರೇಡಿಯೋದ ಗುಂಡಿಯನ್ನು ಒತ್ತಿದಾಗ ಮೇಲೆ ಬರಬೇಕು, ಆಮೇಲೆ ತಿರುಗಿಸಿ ವಾಲ್ಯೂಮ್ ಕೊಡಬೇಕು. ವಾಯ್ಸ್ ಅನ್ನುವ ಕೀ ಉರಿಯುತ್ತಿದ್ದರೆ ಅದು ವಿಒಆರ್ ಐಡೆಂಟ್ ದನಿಯನ್ನು ತಡೆಯುತ್ತದೆ. ಅದನ್ನು ಆರಿಸಿ. 737ರಲ್ಲಿ ವಿ, ಬಿ, ಆರ್ ಅನ್ನುವ ಮೂರು ಜಾಗದ ಸ್ವಿಚ್ ಇದೆ. ವಿ ಮಾತಿಗೆ, ಆರ್ ಮೋರ್ಸ್‌ಗೆ, ಬಿ ಎರಡಕ್ಕೂ. ವಿ ಮೇಲೆ ಇಟ್ಟು ಐಡೆಂಟ್ ಹುಡುಕುತ್ತಾ ಕೂರುವವರು ತುಂಬಾ ಜನ.

ಆಕಾಶ ಸ್ವಚ್ಛ ಇದ್ದು ರನ್‌ವೇ ಕಣ್ಣಿಗೆ ಕಾಣುತ್ತಿದ್ದರೂ ಈ ಹಂತ ಬಿಡಬೇಡಿ. ಮುಂಬೈಯಲ್ಲೇ ಇದಕ್ಕೆ ಉದಾಹರಣೆ ಇದೆ. 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸ್‌ನ ಡಿಸಿ-8 ವಿಮಾನ ಸಾಂತಾಕ್ರೂಜ್ ಅಂದುಕೊಂಡು ಪಕ್ಕದ ಜುಹು ಏರೋಡ್ರೋಮ್‌ನ ಚಿಕ್ಕ ರನ್‌ವೇ ಮೇಲೆ ಇಳಿದು, ತುದಿ ದಾಟಿ ಹೋಯಿತು. ಯಾರೂ ಸಾಯಲಿಲ್ಲ. ಕಣ್ಣಿಗೆ ಕಾಣುವ ರನ್‌ವೇ ನಮ್ಮದೇ ಹೌದಾ ಅಂತ ಕೇಳಲು ಐಎಲ್‌ಎಸ್ ಸೂಜಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಹಂತ 6: ಕೋರ್ಸ್ ಇಡಿ

ಕೋರ್ಸ್ ಅಂದರೆ ನೀವು ಹಿಡಿಯಬೇಕಾದ ಗೆರೆಯ ದಿಕ್ಕು. ವಿಒಆರ್‌ನಲ್ಲಿ ಕೋರ್ಸ್ ತಪ್ಪಿದರೆ ಸೂಜಿ ಹೇಳುವುದೆಲ್ಲ ತಪ್ಪು. ಐಎಲ್‌ಎಸ್‌ನಲ್ಲಿ ಹಾಗಲ್ಲ. ಎಡ ಬಲದ ಸೂಜಿ ಕೋರ್ಸ್ ಏನೇ ಇದ್ದರೂ ಸರಿಯಾಗಿಯೇ ತೋರಿಸುತ್ತದೆ. ಹಾಗಂತ ಬಿಡಬೇಡಿ, ಆಟೋಪೈಲಟ್ ಆ ಗೆರೆಗೆ ಸೇರಿಕೊಳ್ಳುವಾಗ ಕೋರ್ಸ್ ಸಂಖ್ಯೆಯನ್ನು ಬಳಸುತ್ತದೆ. 737ರಲ್ಲಿ ಕ್ಯಾಪ್ಟನ್‌ಗೆ ಒಂದು, ಫಸ್ಟ್ ಆಫೀಸರ್‌ಗೆ ಒಂದು ಕೋರ್ಸ್ ಕಿಟಕಿ. ಎರಡು ಆಟೋಪೈಲಟ್ ಸೇರಿ ತಾನಾಗಿ ಇಳಿಸಬೇಕಾದರೆ ಎರಡೂ ರೇಡಿಯೋದಲ್ಲಿ ಅದೇ ಐಎಲ್‌ಎಸ್, ಎರಡೂ ಕಿಟಕಿಯಲ್ಲಿ ಅದೇ ಕೋರ್ಸ್ ಇರಬೇಕು.

ಹಂತ 7: ಕೈಯಿಂದ ಟ್ಯೂನ್ ಮಾಡುವುದು

ಯಾವಾಗ ಬೇಕಾಗುತ್ತದೆ? ಕಂಟ್ರೋಲರ್ ಒಂದು ನಿರ್ದಿಷ್ಟ ವಿಒಆರ್‌ನ ರೇಡಿಯಲ್ ಹಿಡಿಯಲು ಹೇಳಿದಾಗ. ಚಾರ್ಟ್‌ನ ದಾರಿ ಒಂದು ಕೇಂದ್ರದ ದೂರದ ಮೇಲೆ ನಿಂತಿದ್ದು ಕಂಪ್ಯೂಟರ್ ಬೇರೆಯದನ್ನು ಆರಿಸಿಕೊಂಡಾಗ. ಜಿಪಿಎಸ್ ಮೇಲೆ ಅನುಮಾನ ಬಂದಾಗಲೂ ಬೇಕು. 2023ರ ನವೆಂಬರ್‌ನಲ್ಲಿ ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ಜಿಪಿಎಸ್ ಸಿಗ್ನಲ್‌ಗೆ ಆಗುವ ಅಡ್ಡಿಯ ಬಗ್ಗೆ ಸುತ್ತೋಲೆಯನ್ನೇ ಹೊರಡಿಸಿದೆ. ನಕ್ಷೆಯಲ್ಲಿ ವಿಮಾನ ಒಂದು ಕಡೆ, ವಿಒಆರ್ ರೇಡಿಯಲ್ ಮತ್ತು ಡಿಎಂಇ ದೂರ ಇನ್ನೊಂದು ಕಡೆ ತೋರಿಸಿದರೆ ಏನೋ ಸರಿ ಇಲ್ಲ ಅಂತ ಮೊದಲು ಹೇಳುವುದು ಈ ಹಳೇ ರೇಡಿಯೋಗಳೇ.

ಎ320ರಲ್ಲಿ ದಾರಿ ಎರಡು. ಕೇಂದ್ರದ ಹೆಸರು ಒತ್ತಿದರೆ ಫ್ರೀಕ್ವೆನ್ಸಿಯನ್ನು ಡೇಟಾಬೇಸ್ ತುಂಬುತ್ತದೆ, ಐಎಲ್‌ಎಸ್ ಆದರೆ ಕೋರ್ಸ್ ಕೂಡ. ಬರೀ ಫ್ರೀಕ್ವೆನ್ಸಿ ಒತ್ತಿದರೆ ಕೋರ್ಸ್ ನೀವೇ ಹಾಕಬೇಕು. ಸಾಧ್ಯವಾದಲ್ಲೆಲ್ಲ ಹೆಸರು ಒತ್ತಿ, ಅಂಕಿ ಅದಲುಬದಲಾಗುವ ತಪ್ಪು ಅಲ್ಲಿಗೆ ಹೋಗುತ್ತದೆ. ಕೆಳಗೆ ಟೈಪ್ ಮಾಡಿ, ಆ ಸಾಲಿನ ಪಕ್ಕದ ಬಟನ್ ಒತ್ತಿ, ದೊಡ್ಡ ಅಕ್ಷರದಲ್ಲಿ ಕೂತಿತಾ ನೋಡಿ, ಮತ್ತೆ ಹಂತ 5.

ಒಂದು ಎಚ್ಚರಿಕೆ: ಎತ್ತರ ಕಡಿಮೆ ಇದ್ದಾಗ ದೂರದ ಕೇಂದ್ರ ಸಿಗುವುದಿಲ್ಲ. ಈ ಅಲೆಗಳು ನೇರ ಗೆರೆಯಲ್ಲಿ ಹೋಗುತ್ತವೆ. ಎತ್ತರವನ್ನು ಅಡಿಯಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 1.23ರಿಂದ ಗುಣಿಸಿದರೆ ಎಷ್ಟು ನಾಟಿಕಲ್ ಮೈಲಿ ಸಿಗಬಹುದು ಅಂತ ಅಂದಾಜು ಬರುತ್ತದೆ. 10,000 ಅಡಿಯಲ್ಲಿ 123 ಮೈಲಿ. ಅದೂ ನಡುವೆ ಅಡ್ಡ ಏನೂ ಇಲ್ಲದಿದ್ದರೆ. ಪುಣೆ ಮುಂಬೈ ನಡುವೆ ಸಹ್ಯಾದ್ರಿ ಇದೆ. ಪುಣೆಯ ಲೋಹಗಾಂವ್ ನಿಲ್ದಾಣದಿಂದ ಹೊರಟು ಕೆಳಗೇ ಇರುವಾಗ ಮುಂಬೈ ಕೇಂದ್ರ ಸರಿಯಾಗಿ ಸಿಗದಿದ್ದರೆ ರೇಡಿಯೋವನ್ನು ಬೈಯಬೇಡಿ, ಮೇಲೆ ಏರಿ ನೋಡಿ.

ಹಂತ 8: ರನ್‌ವೇ ಬದಲಾದಾಗ

ಮುಂಬೈಯಲ್ಲಿ ಎರಡು ರನ್‌ವೇ ಒಂದನ್ನೊಂದು ಅಡ್ಡ ಹಾಯುತ್ತವೆ: 09/27 ಮತ್ತು 14/32 (ಒಂದೊಂದು ತುದಿಗೆ ಒಂದೊಂದು ಸಂಖ್ಯೆ). 27ಕ್ಕೆ ತಯಾರಿ ಮಾಡಿಕೊಂಡು ಬರುವಾಗ 14 ಕೊಟ್ಟರು ಅಂದುಕೊಳ್ಳಿ.

ಎ320ರಲ್ಲಿ ಫ್ಲೈಟ್ ಪ್ಲಾನ್‌ನಲ್ಲಿ ರನ್‌ವೇ ಬದಲಿಸಿದರೆ ಐಎಲ್‌ಎಸ್ ಅದರ ಹಿಂದೆಯೇ ಬದಲಾಗುತ್ತದೆ. ಆದರೆ ಮೊದಲು ನೀವು ಕೈಯಿಂದ 27ರ ಐಎಲ್‌ಎಸ್ ಹಾಕಿದ್ದರೆ ಅದು ಹಾಗೇ ಉಳಿಯುತ್ತದೆ! ನಕ್ಷೆ 14 ಅನ್ನುತ್ತದೆ, ರೇಡಿಯೋ 27 ಅನ್ನುತ್ತದೆ. ರನ್‌ವೇ-ಎಲ್‌ಎಸ್ ಮಿಸ್‌ಮ್ಯಾಚ್ ಅನ್ನುವ ಸಂದೇಶ ಬರುವುದು ಇಂಥ ಹೊತ್ತಿನಲ್ಲಿ. ಕ್ಲಿಯರ್ ಕೀ ಒತ್ತಿ, ಆ ಸಾಲಿನ ಬಟನ್ ಒತ್ತಿದರೆ ಕೈಯಿಂದ ಹಾಕಿದ್ದು ಅಳಿದು ಕಂಪ್ಯೂಟರ್ ಮತ್ತೆ ತಾನೇ ಆರಿಸುತ್ತದೆ.

737ರಲ್ಲಿ ನಾಲ್ಕು ಬದಲಾವಣೆ: ಎರಡು ಫ್ರೀಕ್ವೆನ್ಸಿ, ಎರಡು ಕೋರ್ಸ್. ಕ್ಯಾಪ್ಟನ್ ಕಡೆ ಬದಲಿಸಿ ಇನ್ನೊಂದು ಕಡೆ ಮರೆಯುವುದು ತೀರಾ ಸಾಮಾನ್ಯ. 777ರಲ್ಲಿ ಆಟೋಪೈಲಟ್ ಐಎಲ್‌ಎಸ್ ಹಿಡಿದಾದ ಮೇಲೆ ಟ್ಯೂನ್ ಬದಲಿಸಲು ಯಂತ್ರವೇ ಬಿಡುವುದಿಲ್ಲ. ಕೊನೇ ಗಳಿಗೆಯಲ್ಲಿ ಯಾರೋ ತಪ್ಪಿ ಮುಟ್ಟಿ ಕಿರಣ ಕಳೆದುಕೊಳ್ಳಬಾರದು ಅಂತ ಈ ಬೀಗ. ಬದಲಿಸಲೇಬೇಕಾದರೆ ಮೊದಲು ಅಪ್ರೋಚ್ ಮೋಡ್‌ನಿಂದ ಹೊರಗೆ ಬನ್ನಿ.

ಇಷ್ಟೆಲ್ಲ ಮಾಡಲು ಸಮಯ ಸಾಲದಿದ್ದರೆ "ಆಗಲ್ಲ" ಅಂತ ಕಂಟ್ರೋಲರ್‌ಗೆ ಹೇಳುವ ಹಕ್ಕು ಪೈಲಟ್‌ಗೆ ಇದೆ. ಅದನ್ನು ಬಳಸಲು ಹಿಂಜರಿಯಬೇಡಿ.

ಹಂತ 9: ಕಂಪ್ಯೂಟರ್ ಕೈಕೊಟ್ಟಾಗ

ಎ320ರಲ್ಲಿ ಒಂದು ಕಂಪ್ಯೂಟರ್ ಹೋದರೆ ಇನ್ನೊಂದು ಎಲ್ಲ ರೇಡಿಯೋ ನೋಡಿಕೊಳ್ಳುತ್ತದೆ. ಎರಡೂ ಹೋದರೆ ಆರ್‌ಎಂಪಿ ಅನ್ನುವ ರೇಡಿಯೋ ಪ್ಯಾನೆಲ್ ಇದೆ. ಸಾಮಾನ್ಯ ದಿನಗಳಲ್ಲಿ ಅದರಿಂದ ಕಂಟ್ರೋಲರ್ ಜೊತೆ ಮಾತಾಡುವ ಫ್ರೀಕ್ವೆನ್ಸಿ ಮಾತ್ರ ಇಡುತ್ತಾರೆ. ಅದರಲ್ಲಿ ಪಾರದರ್ಶಕ ಮುಚ್ಚಳದ ಕೆಳಗೆ ನ್ಯಾವ್ ಅನ್ನುವ ಕೀ ಇದೆ. ಮುಚ್ಚಳ ಎತ್ತಿ ಒತ್ತಿದರೆ ಹಸಿರು ದೀಪ ಹತ್ತುತ್ತದೆ. ಆಮೇಲೆ ವಿಒಆರ್ ಅಥವಾ ಐಎಲ್‌ಎಸ್ ಕೀ ಒತ್ತಿ, ಗುಂಡಿ ತಿರುಗಿಸಿ ಫ್ರೀಕ್ವೆನ್ಸಿ ಇಟ್ಟು, ಬಾಣದ ಕೀ ಒತ್ತಿ. ಫ್ರೀಕ್ವೆನ್ಸಿ ಎಡಕ್ಕೆ ಹೋಗುತ್ತದೆ, ಬಲ ಕಿಟಕಿಯಲ್ಲಿ ಈಗ ಕೋರ್ಸ್ ಇಡಬಹುದು. ಕ್ಯಾಪ್ಟನ್ ಕಡೆಯ ವಿಒಆರ್ 1 ಆರ್‌ಎಂಪಿ 1ರಿಂದ, ವಿಒಆರ್ 2 ಆರ್‌ಎಂಪಿ 2ರಿಂದ.

ಆ ಕೀಗೆ ಮುಚ್ಚಳ ಯಾಕೆ ಅಂದರೆ, ಅದನ್ನು ಒತ್ತಿದ ಕೂಡಲೇ ಎಂಸಿಡಿಯುನ ರಾಡ್ ನ್ಯಾವ್ ಪುಟ ಖಾಲಿ ಆಗುತ್ತದೆ. ಕಂಪ್ಯೂಟರ್ ಇನ್ನು ರೇಡಿಯೋ ಮುಟ್ಟುವುದಿಲ್ಲ. ಸಿಮ್ಯುಲೇಟರ್‌ನಲ್ಲಿ "ರಾಡ್ ನ್ಯಾವ್ ಪುಟದಲ್ಲಿ ಏನೂ ಇಲ್ಲ" ಅಂತ ಬರೆಯುವವರು ಮೊದಲು ಆ ಹಸಿರು ದೀಪ ನೋಡಿ. ಇನ್ನೊಮ್ಮೆ ಒತ್ತಿದರೆ ಎಲ್ಲ ವಾಪಸ್.

ಹಂತ 10: ದೂರ ಎತ್ತರ ತಾಳೆ ನೋಡಿ

ಐಡೆಂಟ್ ಸರಿ ಇದೆ, ಎಚ್ಚರಿಕೆ ಫ್ಲ್ಯಾಗ್ ಇಲ್ಲ, ಸೂಜಿ ನಡುವೆ ಇದೆ. ಇಷ್ಟಾದರೂ ಒಂದು ಪರೀಕ್ಷೆ ಬಾಕಿ. 2000ದ ಜುಲೈ 29ರಂದು ಸಮೋವಾದ ಆಪಿಯಾಗೆ ಇಳಿಯುತ್ತಿದ್ದ ಏರ್ ನ್ಯೂಜಿಲೆಂಡ್‌ನ 767ರಲ್ಲಿ ಗ್ಲೈಡ್‌ಸ್ಲೋಪ್ ಸೂಜಿ ಸರಿಯಾಗಿ ನಡುವೆ ನಿಂತಿತ್ತು. ನೆಲದ ಯಂತ್ರ ಎತ್ತರ ತಗ್ಗಿನ ಮಾಹಿತಿ ಇಲ್ಲದ ಸಿಗ್ನಲ್ ಕಳಿಸುತ್ತಿತ್ತು, ಹಾಗಾಗಿ ಸೂಜಿ ಎಲ್ಲಿದ್ದರೂ ನಡುವೆಯೇ. ರನ್‌ವೇಗೆ ಇನ್ನೂ 5 ಮೈಲಿಗಿಂತ ಜಾಸ್ತಿ ದೂರ ಇರುವಾಗಲೇ ವಿಮಾನ 400 ಅಡಿಯ ಆಸುಪಾಸಿಗೆ ಇಳಿದಿತ್ತು. ಏನೋ ತಪ್ಪಿದೆ ಅಂತ ಪೈಲಟ್‌ಗಳಿಗೆ ಹೊಳೆದು ಮೇಲೆ ಏರಿದರು. ಎಲ್ಲರೂ ಉಳಿದರು.

3 ಡಿಗ್ರಿ ಇಳಿಜಾರಿನಲ್ಲಿ ಒಂದು ನಾಟಿಕಲ್ ಮೈಲಿಗೆ ಸುಮಾರು 318 ಅಡಿ ಇಳಿಯುತ್ತೀರಿ. ರನ್‌ವೇಯಿಂದ 4 ಮೈಲಿ ದೂರದಲ್ಲಿ ರನ್‌ವೇಗಿಂತ ಸುಮಾರು 1,300 ಅಡಿ ಮೇಲೆ ಇರಬೇಕು. ಮುಂಬೈ ಸಮುದ್ರದ ಪಕ್ಕ, ಹಾಗಾಗಿ ಆಲ್ಟಿಮೀಟರ್‌ನಲ್ಲೂ ಹೆಚ್ಚು ಕಡಿಮೆ ಅಷ್ಟೇ ಕಾಣುತ್ತದೆ. ಪುಣೆ ಸಮುದ್ರಮಟ್ಟದಿಂದ ಸುಮಾರು 1,940 ಅಡಿ ಎತ್ತರದಲ್ಲಿದೆ, ಅಲ್ಲಿ 4 ಮೈಲಿಗೆ ಆಲ್ಟಿಮೀಟರ್ 3,200 ಅಡಿ ದಾಟಿರಬೇಕು. ಮುಂಬೈ ಅಭ್ಯಾಸದಲ್ಲೇ ಪುಣೆಗೆ ಹೋಗಿ ಸಂಖ್ಯೆ ಬೆರೆಸಿಕೊಳ್ಳಬೇಡಿ. ಚಾರ್ಟ್‌ನಲ್ಲಿ ದೂರ ಎತ್ತರದ ಪಟ್ಟಿ ಇದ್ದರೆ ಅದನ್ನೇ ಬಳಸಿ. ಮತ್ತೆ, ಡಿಎಂಇ ಎಲ್ಲಿದೆ ಅಂತ ಮೊದಲೇ ನೋಡಿ. ಅದು ರನ್‌ವೇ ತುದಿಯಲ್ಲೇ ಇರಬೇಕು ಅಂತೇನಿಲ್ಲ, ಡಿಎಂಇ ಸೊನ್ನೆ ತೋರಿಸುವ ಜಾಗ ಬೇರೆ ಎಲ್ಲೋ ಇರಬಹುದು.

ಗ್ಲೈಡ್‌ಸ್ಲೋಪ್ ಅನ್ನು ಯಾವಾಗಲೂ ಕೆಳಗಿನಿಂದ ಹಿಡಿಯಿರಿ. ನಿಜವಾದ ಕಿರಣದ ಮೇಲೆ ಸುಮಾರು 9 ಡಿಗ್ರಿಯಲ್ಲಿ ಸುಳ್ಳು ಕಿರಣ ಇರುತ್ತದೆ, ಮೇಲಿನಿಂದ ಧುಮುಕಿದರೆ ಅದಕ್ಕೆ ಸಿಕ್ಕಿಹಾಕಿಕೊಳ್ಳುತ್ತೀರಿ.

ತೊಂದರೆ ಎಲ್ಲಿದೆ ಅಂತ ಕಂಡುಹಿಡಿಯುವುದು

ಐಡೆಂಟ್ ಸಿಗದಿದ್ದರೆ ಅದೇ ಫ್ರೀಕ್ವೆನ್ಸಿಯನ್ನು ಎರಡನೇ ರೇಡಿಯೋದಲ್ಲೂ ಹಾಕಿ. ಒಂದರಲ್ಲಿ ಸಿಕ್ಕಿ ಇನ್ನೊಂದರಲ್ಲಿ ಸಿಗದಿದ್ದರೆ ತೊಂದರೆ ವಿಮಾನದಲ್ಲಿದೆ. ಎರಡರಲ್ಲೂ ಸಿಗದಿದ್ದರೆ ಕೇಂದ್ರದ ಕಡೆ ಅನುಮಾನ ಪಡಿ. ನೋಟಾಮ್, ಅಂದರೆ ಪೈಲಟ್‌ಗಳಿಗೆ ಕೊಡುವ ಸೂಚನೆಗಳಲ್ಲಿ ಆ ಕೇಂದ್ರ ಬಂದ್ ಅಂತ ಇದೆಯಾ ನೋಡಿ. ಪುಣೆಯ ಲೋಹಗಾಂವ್ ವಾಯುಪಡೆಯದ್ದು, ದಾಬೋಲಿಂ ನೌಕಾಪಡೆಯದ್ದು. ಇಂಥ ಕಡೆಗೆ ಹೋಗುವ ಮೊದಲು ನೋಟಾಮ್ ಇನ್ನೂ ಗಮನವಿಟ್ಟು ಓದಿ. ಸೂಚನೆ ಇಲ್ಲದೇ ಕೇಂದ್ರ ಸುಮ್ಮನಿದ್ದರೆ ಕಂಟ್ರೋಲರ್‌ಗೆ ಹೇಳಿ, ಹಿಂದೆ ಬರುವವರಿಗೂ ಉಪಯೋಗ ಆಗುತ್ತದೆ.

ತೊಂದರೆ ವಿಮಾನದ್ದೇ ಆದರೆ ಇಳಿದ ಮೇಲೆ ಟೆಕ್ ಲಾಗ್‌ನಲ್ಲಿ ಬರೆಯಿರಿ. "ನ್ಯಾವ್ ಸರಿ ಇಲ್ಲ" ಅಂತ ಬರೆದರೆ ಇಂಜಿನಿಯರ್‌ಗೆ ಏನೂ ಗೊತ್ತಾಗುವುದಿಲ್ಲ. ಯಾವ ರೇಡಿಯೋ, ಯಾವ ಕೇಂದ್ರ, ಎಷ್ಟು ದೂರ, ಎಷ್ಟು ಎತ್ತರ, ತಾನಾಗಿ ಟ್ಯೂನ್ ಆಗಿತ್ತಾ ಕೈಯಿಂದ ಹಾಕಿದ್ದಾ, ಐಡೆಂಟ್ ಕೇಳಿತಾ ಇಲ್ಲವಾ ಅಂತ ಬರೆಯಿರಿ. ಹಾಗೇ ವಿಮಾನ ಬಿಟ್ಟು ಏಳುವ ಮೊದಲು ನೀವು ಕೈಯಿಂದ ಹಾಕಿದ್ದನ್ನೆಲ್ಲ ಅಳಿಸಿ. ಮುಂದಿನ ಪೈಲಟ್‌ಗೆ ದೊಡ್ಡ ಅಕ್ಷರದ ಯಾವ ಸಾಲೂ ಉಳಿದಿರಬಾರದು.